ಮಹಡಿಯ ಮೇಲೆ ತೆರೆದಿದ್ದ ಫೈಲು

ಕಂಪ್ಯೂಟರ್ ರಿಪೇರಿ ಮಾಡುವ ಆ ಹೆಂಗಸಿಗೆ 'ಯಾರಕ್ಕ' ಎಂಬ ಅಡ್ಡಹೆಸರು ಸುಮ್ಮನೆ ಅಂಟಿಕೊಂಡದ್ದಲ್ಲ. ಕಚೇರಿಯವರೆಲ್ಲ ತಂತಮ್ಮ ಯಂತ್ರದಿಂದ ತೆರೆಯಬಹುದಾದ ಹಂಚಿಕೆಯ ಫೈಲು ಅಳಿಸಲಾಗುತ್ತಿಲ್ಲ, ಹೆಸರು ಬದಲಿಸಲಾಗುತ್ತಿಲ್ಲ ಎಂದು ಯಾರೇ ಕರೆಸಲಿ, ಅವಳು ಮೊದಲು ಯಂತ್ರ ಮುಟ್ಟುವುದಿಲ್ಲ. "ಇದನ್ನ ಯಾರು ಓಪನ್ ಇಟ್ಕೊಂಡಿದ್ದೀರಿ?" ಎಂದು ಕೇಳುತ್ತ ಕೋಣೆ ಕೋಣೆ ಸುತ್ತುತ್ತಾಳೆ. ಯಾರೋ ಒಬ್ಬರು ತಮ್ಮ ಯಂತ್ರದಲ್ಲಿ ಅದನ್ನು ತೆರೆದಿಟ್ಟು ಊಟಕ್ಕೆ ಹೋಗಿರುತ್ತಾರೆ. ಅವರು ಬಂದು ಮುಚ್ಚಿದರೆ ಫೈಲು ತೆಪ್ಪಗೆ ಹೇಳಿದಂತೆ ಕೇಳುತ್ತದೆ. ಇಷ್ಟಕ್ಕೆ ಇವಳೇ ಬೇಕಿತ್ತೇ ಎಂದು ಮೂಗು ಮುರಿಯುವವರೂ ಮುಂದಿನ ಸಲ ಇವಳನ್ನೇ ಕರೆಸುತ್ತಾರೆ.

ಈ ಅಭ್ಯಾಸ ಬಂದದ್ದು ಒಂದು ಮುದ್ರಣಾಲಯದಲ್ಲಿ. ಆಗ ಅವಳು ಕಸುಬಿಗೆ ಹೊಸಬಳು. ತಾಳ್ಮೆಗಿಂತ ಕೈ ಚುರುಕು. ಹಟ ಹಿಡಿದ ಫೈಲೊಂದರ ಸಂಪರ್ಕವನ್ನು, ಯಾರು ತೆರೆದಿದ್ದಾರೆಂದು ಕೇಳದೆ, ಫೈಲುಗಳೆಲ್ಲ ಇರುವ ಕೆಳಗಿನ ಯಂತ್ರದಿಂದಲೇ ಕತ್ತರಿಸಿ ಬೀಗಿದಳು. ಮಹಡಿಯ ಮೇಲೆ ಕರಡು ತಿದ್ದುವ ಮೇಷ್ಟ್ರು ಅದೇ ಫೈಲಿನಲ್ಲಿ ಮುಳುಗಿದ್ದರು. ಸಂಜೆ ಮನೆಗೆ ಹೊರಡುವಾಗ ಒಮ್ಮೆ ಮಾತ್ರ ಸೇವ್ ಮಾಡುವುದು ಅವರ ರೂಢಿ. ಇಡೀ ದಿನ ತಿದ್ದಿದ್ದು ನೀರುಪಾಲಾಯಿತು. ಮೇಷ್ಟ್ರು ಬೈಯಲಿಲ್ಲ. ಕನ್ನಡಕ ಒರೆಸಿಕೊಂಡು ಮೊದಲ ಪುಟದಿಂದ ಶುರು ಮಾಡಿದರು. ಬೈದಿದ್ದರೆ ಅವಳ ಮನಸ್ಸಿಗೆ ಎಷ್ಟೋ ಹಗುರವಾಗುತ್ತಿತ್ತು.

ಹನ್ನೆರಡು ವರ್ಷದ ಮೇಲೆ, ಮೊನ್ನೆ, ಅಲ್ಲಿಂದಲೇ ಕರೆ ಬಂತು. ಒಂದು ಪುಸ್ತಕದ ಫೈಲಿಗೆ 'ಅಂತಿಮ' ಎಂದು ಹೆಸರಿಟ್ಟು ಅಚ್ಚಿಗೆ ಕಳಿಸಬೇಕು, ಹೆಸರೇ ಬದಲಾಗುತ್ತಿಲ್ಲ ಎಂದು ಮಾಲೀಕರು ಚಡಪಡಿಸುತ್ತಿದ್ದರು. ಮೇಷ್ಟ್ರಿಗೆ ಇದೇ ಕೊನೆಯ ಪುಸ್ತಕ, ಇದು ಅಚ್ಚಿಗೆ ಹೋದ ದಿನದಿಂದ ಅವರು ಮನೆಯಲ್ಲಿ ಆರಾಮಾಗಿರಬಹುದು ಎಂದೂ ಹೇಳಿದರು.

ಅವಳು ಮೆಟ್ಟಿಲು ಹತ್ತಿದಳು. ಮೇಷ್ಟ್ರ ಪರದೆಯ ಮೇಲೆ ಕೊನೆಯ ಪುಟವಿತ್ತು. ತಪ್ಪು ಒಂದೂ ಉಳಿದಿರಲಿಲ್ಲ. ಮೂರು ದಿನದಿಂದ ಪರದೆಯನ್ನಷ್ಟೇ ಆರಿಸಿ ಮನೆಗೆ ಹೋಗುತ್ತಿದ್ದೇನೆ, ಫೈಲು ಮುಚ್ಚಿಲ್ಲ ಎಂದು ಅವರೇ ಒಪ್ಪಿಕೊಂಡರು.

"ಮುಚ್ಚಿಬಿಟ್ರೆ ನಾಳೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗ್ಲಮ್ಮ?"

ಅವಳು ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತಳು.

"ನಿಮ್ಮದೊಂದು ದಿನ ನನ್ನ ಹತ್ರ ಉಳ್ಕೊಂಡಿದೆ ಮೇಷ್ಟ್ರೆ. ನಾಳೆನೂ ಬನ್ನಿ."

ಕೆಳಗೆ ಬಂದು, ಇದು ಇವತ್ತಿಗೆ ಆಗುವ ಕೆಲಸವಲ್ಲ, ನಾಳೆ ಸಂಜೆಯಾಗುತ್ತದೆ ಎಂದಳು. ಕಸುಬಿನಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು. ಇವಳಿಗೂ ಬಗ್ಗದ ಫೈಲೇ ಎಂದು ಮಾಲೀಕರು ಗೊಣಗುತ್ತಲೇ ಒಪ್ಪಿಕೊಂಡರು.

ಮರುದಿನ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊತ್ತಿಗೆ ಸರಿಯಾಗಿ ಬಂದರು. ಮೊದಲ ಪುಟದಿಂದ ಓದುತ್ತ ಕುಳಿತರು. ಸಂಜೆ ಒಮ್ಮೆ ಸೇವ್ ಮಾಡಿ, ಫೈಲು ಮುಚ್ಚಿದರು. ಕೆಳಗೆ ಹೆಸರು ಒಂದೇ ಏಟಿಗೆ ಬದಲಾಯಿತು. ಯಾರಕ್ಕನನ್ನು ಕರೆಸುವ ಪ್ರಮೇಯವೇ ಬರಲಿಲ್ಲ.