ಕಣ್ಣು ಬಿಡದವರ ಜೊತೆ ಮಾತಾಡುವ ಮರಿಯಮ್ಮ

ತುಮಕೂರಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ಹೆಬ್ಬೂರಿನಿಂದ ಮೊದಲ ಬಸ್ಸಿಗೆ ಬಂದಿಳಿದ ಆಯಾ ಮರಿಯಮ್ಮ ಕೈ ತೊಳೆದು, ವೆಂಟಿಲೇಟರ್ ಮೇಲಿರುವ ಗುಬ್ಬಿಯ ಅಜ್ಜಿಯೊಬ್ಬರ ಕಿವಿಯ ಬಳಿ ಬಾಗುತ್ತಾರೆ. "ಅಜ್ಜಿ, ಬೆಳಗಾಯ್ತು. ಬಾಯಿ ಒರೆಸ್ತೀನಿ, ಆಮೇಲೆ ಎಡಕ್ಕೆ ಹೊರಳಿಸ್ತೀನಿ." ಅಜ್ಜಿಗೆ ಪ್ರಜ್ಞೆಯಿಲ್ಲ. ಆದರೂ ಉತ್ತರಕ್ಕೆ ಕಾಯುವವರಂತೆ ಒಂದು ಗಳಿಗೆ ನಿಂತು, ಆಮೇಲೆ ಕೈ ಹಾಕುತ್ತಾರೆ.

ಮೈ ಒರೆಸುವುದು, ಬಟ್ಟೆ ಬದಲಿಸುವುದು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಅವರ ಕೆಲಸ. ಗಂಡ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಸೇರಿದವರು. "ಮೊದ್ಮೊದ್ಲು ಮಿಷಿನ್ ಸದ್ದಿಗೇ ಎದೆ ಡವಗುಟ್ಟೋದು. ಊಟ ಸೇರ್ತಿರ್ಲಿಲ್ಲ. ಬುಟ್ಟೋಗ್ಬುಡಾನ ಅನ್ಕೊಂಡಿದ್ದೆ" ಎನ್ನುತ್ತಾರೆ. ಈಗ ಸದ್ದು ರೂಢಿಯಾಗಿದೆ, ಸೊಂಟ ಮಾತ್ರ ಸೋತಿದೆ.

ರೋಗಿಗಳೊಂದಿಗೆ ಮಾತಾಡುವ ಈ ರೂಢಿ ಶುರುವಾದದ್ದು ಕಳೆದ ಮಳೆಗಾಲದಲ್ಲಿ. ಕುಣಿಗಲ್ ಕೆರೆಯ ಹಿಂದೆ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದ ಚಿಕ್ಕಬೋರಯ್ಯನವರಿಗೆ ನಾಗರಹಾವು ಕಚ್ಚಿತ್ತು. ಇಲ್ಲಿಗೆ ತಂದು ವೆಂಟಿಲೇಟರ್ ಹಾಕಿದಾಗ ಕೈಕಾಲು ಹೋಗಲಿ, ರೆಪ್ಪೆಯೂ ಅಲುಗುತ್ತಿರಲಿಲ್ಲ. ಅಣ್ಣ ತಿಮ್ಮರಾಜು ಹಾಸಿಗೆಯ ಪಕ್ಕವೇ ನಿಂತು ಕಣ್ಣೊರೆಸಿಕೊಂಡರು. "ಜೀವ ಹೋಗೈತೆ. ಮಿಷಿನ್ನೇ ಉಸಿರಾಡ್ತೈತೆ. ಮನೆಗೆ ಕಳಿಸ್ಬುಡಿ."

ಡಾಕ್ಟರ್ ಶ್ರುತಿ, ತಿಮ್ಮರಾಜು ಅವರನ್ನು ಹೊರಗೆ ಕರೆದು ತಿಳಿಹೇಳಿದರು. "ವಿಷಕ್ಕೆ ಸ್ನಾಯು ಸೋತಿವೆ ಅಷ್ಟೇ. ಔಷಧಿ ಕೊಟ್ಟಿದೀವಿ, ಉಳೀತಾರೆ ಅನ್ನೋ ನಂಬಿಕೆ ಇದೆ. ನೀವು ಅಂದಿದ್ದೆಲ್ಲ ಅವರಿಗೆ ಕೇಳಿಸ್ತಿರಬಹುದು." "ಹಂಗಾದ್ರೆ ಇಲ್ಲೇ ಇರ್ಲಿ" ಎಂದರು ತಿಮ್ಮರಾಜು.

ಪಕ್ಕದಲ್ಲಿದ್ದ ಮರಿಯಮ್ಮ ನೆಟ್ಟಗೆ ಒಳಗೆ ಹೋದರು. "ಚಿಕ್ಕಬೋರಯ್ಯ, ನಿಮ್ಮನ್ನ ಎಲ್ಲಿಗೂ ಕಳ್ಸಲ್ಲ. ಉಳೀತೀರ ಅಂತ ಡಾಕ್ಟ್ರಮ್ಮ ಹೇಳವ್ರೆ. ಹೆದರ್ಕೋಬೇಡಿ." ಅಂದಿನಿಂದ ಮುಟ್ಟುವ ಮುನ್ನ ಪ್ರತಿಯೊಂದನ್ನೂ ಹೇಳಿದರು. ಹೊರಗೆ ಮಳೆ ಬಂದರೆ ಅದನ್ನೂ ಹೇಳಿದರು.

ಮೊದಲು ಹೆಬ್ಬೆರಳು ಅಲುಗಿತು. ಆಮೇಲೆ ರೆಪ್ಪೆ. ಕೊಳವೆ ತೆಗೆದು ದನಿ ಮರಳಿದ ಮೇಲೆ ಚಿಕ್ಕಬೋರಯ್ಯ ಡಾಕ್ಟರಿಗೆ ಹೇಳಿದ್ದು ಇದು: "ಮನೆಗೆ ಕಳಿಸ್ಬುಡಿ ಅಂದಾಗ ಒಳಗೊಳಗೇ ಕೂಗ್ಕೊಂಡೆ. ಯಾರ್ಗೂ ಕೇಳ್ಲಿಲ್ಲ. ಆವಮ್ಮ ಬಂದು ಕಳ್ಸಲ್ಲ ಅಂದ್ಮೇಲೇನೇ ನಂಗೆ ನಿದ್ದೆ ಬಂದಿದ್ದು."

ಅವರೀಗ ಮತ್ತೆ ಹಸು ಕಟ್ಟಿದ್ದಾರೆ. ಈ ಕಥೆ ಹೇಳಿ ಹೊಗಳಿದರೆ ಮರಿಯಮ್ಮ ಬಕೆಟ್ಟಿನತ್ತ ಮುಖ ತಿರುಗಿಸುತ್ತಾರೆ.

"ಉಳಿಸೋದು ಡಾಕ್ಟ್ರು, ನರ್ಸಮ್ಮಂದ್ರು. ಎಲ್ರೂ ಉಳಿಯಲ್ಲ, ಅದೂ ಗೊತ್ತು. ಆದ್ರೆ ನನ್ ಪಾಳೀಲಿ ಯಾರೂ ಒಂಟಿಯಾಗಿ ಹೋಗಿಲ್ಲ."