ನೀರು ಕುಡಿದ ಹಕ್ಕಿ, ಸತ್ತ ಹಕ್ಕಿ

ಮಾರ್ಚ್ 16, ಭಾನುವಾರ. ಬೆಳಿಗ್ಗೆ 6.40. ಚಿಕ್ಕೇರೂರು.

ಪಕ್ಕದ ಮನೆಯವರು ಕಸಕ್ಕೆ ಬೆಂಕಿ ಹಚ್ಚಿದ್ದರು. ಅದರಲ್ಲಿ ಕೋಳಿಪುಕ್ಕ ಇತ್ತೇನೋ, ಸುಟ್ಟ ಗರಿಯ ವಾಸನೆ ಅಡುಗೆಮನೆಯವರೆಗೂ ಬಂತು. ಲೈನ್‌ಮನ್ ಚಾಚಾ ನೆನಪಾದರು…

ನಾನಾಗ ಹೈಸ್ಕೂಲಿನಲ್ಲಿದ್ದೆ. ಆಗಲೂ ಡೈರಿ ಬರೆಯುತ್ತಿದ್ದೆ. ಬೇಸಿಗೆಯಲ್ಲಿ ಹಕ್ಕಿಗಳಿಗೆ ನೀರಿಡಲು ಎಣ್ಣೆ ಡಬ್ಬಿ ಕತ್ತರಿಸಿ, ಬೆಕ್ಕು ಹತ್ತದ ಜಾಗ ಹುಡುಕಿ, ಮನೆ ಎದುರಿನ ಟ್ರಾನ್ಸ್‌ಫಾರ್ಮರಿನ ತಂತಿಬೇಲಿಗೆ ಕಟ್ಟಿದೆ. ಡೈರಿಯಲ್ಲಿ ‘ಕುಡಿದವು’ ಎಂದು ಒಂದು ಹಾಳೆ. ಟ್ರಾನ್ಸ್‌ಫಾರ್ಮರಿನ ಕೆಳಗೆ ಹಕ್ಕಿಗಳು ಸುಟ್ಟು ಬೀಳತೊಡಗಿದಾಗ ಕೊನೆಯಲ್ಲಿ ಇನ್ನೊಂದು ಹಾಳೆ, ‘ಸತ್ತವು’. ಎರಡು ಗೊರವಂಕ, ಒಂದು ಪಾರಿವಾಳ, ಮೂರು ಕಾಗೆ.

ಪ್ರತಿ ಸಲವೂ ಕರೆಂಟು ಹೋಗುತ್ತಿತ್ತು, ಚಾಚಾ ಬರುತ್ತಿದ್ದರು. ಸವಣೂರಿನವರು. ಬಾಯಲ್ಲಿ ಸದಾ ಅವರೂರಿನ ವೀಳ್ಯದೆಲೆ. ಆರನೇ ಸಲ ನಾನು ಡೈರಿ ಹಿಡಿದು ಜಗಳಕ್ಕೇ ನಿಂತೆ.

“ಆರು ಆದವು ರೀ ಚಾಚಾ. ನೀವು ಬರೇ ಫ್ಯೂಜ್ ಹಾಕಿ ಹೊಂಟಬಿಡ್ತೀರಿ.”

“ನೋಡ್ರಪಾ, ಹೊಸಾ ಸಾಹೇಬ್ರು ಬಂದ್ರು!” ನಗುತ್ತಲೇ ಡೈರಿ ಇಸಿದುಕೊಂಡರು. ಹಿಂದಿನ ಹಾಳೆ ನೋಡಿದರು, ಮುಂದಿನದು ನೋಡಿದರು. ನಗು ನಿಂತಿತು.

“ಡಬ್ಬಿ ಕಟ್ಟಿದ್ದು ಯಾವಾಗ, ಬೇಟಿ?”

“ಮೂರನೇ ತಾರೀಖು ರೀ.”

“ಮೊದಲನೇ ಹಕ್ಕಿ ಬಿದ್ದದ್ದು?”

“ಐದಕ್ಕ…”

“ನೀರು ಕುಡದು ರೆಕ್ಕಿ ಜಾಡಿಸಾಕ ಎಲ್ಲಿ ಕುಂದರತಾವ, ನೋಡು.”

ನೋಡಿದೆ. ಮೇಲೆ ಕಬ್ಬಿಣದ ಪಟ್ಟಿ, ಗೇಣು ದೂರದಲ್ಲಿ ಬರಿ ತಂತಿ. ಪಟ್ಟಿಯ ಮೇಲೆ ಕೂತ ಹಕ್ಕಿಯ ರೆಕ್ಕೆ ತಂತಿಗೆ ತಾಗಿದರೆ ಮುಗಿಯಿತು. ಅಷ್ಟು ಅಚ್ಚುಕಟ್ಟಾಗಿ ಬರೆದ ಎರಡು ಹಾಳೆಗಳನ್ನು ನಾನು ಒಮ್ಮೆಯೂ ಪಕ್ಕಪಕ್ಕ ಇಟ್ಟು ಓದಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ.

“ಅಳಬ್ಯಾಡ. ನಾ ಅಂತೂ ಕರೆಂಟ್ ಯಾಕ ಹೋತು ಅಂತ ಬರಿಯೋ ನಮ್ಮ ಬುಕ್ಕಿನ್ಯಾಗ ಆರೂ ಸಲ ‘ಟೊಂಗಿ ಬಿತ್ತು’ ಅಂತ ಬರದೇನಿ. ನೀನರ ಹಕ್ಕಿ ಅಂತ ಬರದಿ.”

ಡಬ್ಬಿಯನ್ನು ನಮ್ಮ ಹಿತ್ತಲಿನ ಬೇವಿಗೆ ಕಟ್ಟಿ, ಬೆಕ್ಕು ಹತ್ತದಂತೆ ಬುಡಕ್ಕೆ ಜಾಲಿಮುಳ್ಳು ಸುತ್ತಿದರು. ನಾಲ್ಕು ದಿನ ಬಿಟ್ಟು ಬಂದು, ಸಪ್ಲೈ ಬಂದ್ ಮಾಡಿಸಿ ಮೇಲೆ ಹತ್ತಿ, ಉದ್ದಕ್ಕೆ ಸೀಳಿದ ದಪ್ಪ ರಬ್ಬರ್ ಪೈಪನ್ನು ಬರಿ ತಂತಿಗಳಿಗೆ ತೊಡಿಸಿದರು. ಆಮೇಲೆ ‘ಸತ್ತವು’ ಹಾಳೆಗೆ ಒಂದೇ ಹಕ್ಕಿ ಸೇರಿತು, ಗಾಳಿಗೆ ಪೈಪು ಜಾರಿದ ದಿನ. ಮರುದಿನವೇ ಬಂದು ಟೇಪು ಸುತ್ತಿದರು. ಅಂದಿನಿಂದ ಅವರ ಬುಕ್ಕಿನಲ್ಲೂ ‘ಹಕ್ಕಿ’ ಎಂದೇ ಬರೆದರು. ನನ್ನನ್ನು ಕರೆದು ತೋರಿಸಿದ್ದರು…

ಮುಂದೆ ಅವರಿಗೆ ಹಾನಗಲ್ಲಿಗೆ, ಅಲ್ಲಿಂದ ಶಿಗ್ಗಾಂವಿಗೆ ವರ್ಗವಾಯಿತು. ಹೋದ ವರ್ಷ ತೀರಿಕೊಂಡರಂತೆ. ನನಗೆ ತಿಳಿದದ್ದು ಎರಡು ತಿಂಗಳ ಮೇಲೆ. ಒಮ್ಮೆ ಹೋಗಿ ಮಾತಾಡಿಸಬಹುದಿತ್ತು, ಹೋಗಲಿಲ್ಲ.

ಆದರೆ ಕಳೆದ ವಾರ ಬಸ್ಸಿನಲ್ಲಿ ಬರುವಾಗ ಶಿಗ್ಗಾಂವಿ ಕಡೆಯ ಗೊಟಗೋಡಿ ಹತ್ತಿರದ ಟ್ರಾನ್ಸ್‌ಫಾರ್ಮರ್ ಮೇಲೆ ಅಂಥದೇ ಸೀಳಿದ ಪೈಪು ಕಂಡೆ. ಪಕ್ಕದಲ್ಲೇ ಎರಡು ಗೊರವಂಕ ಜಗಳಾಡುತ್ತಿದ್ದವು. ಅದು ಚಾಚಾ ಹಾಕಿದ್ದೋ, ಅವರಿಂದ ಕಲಿತವರು ಹಾಕಿದ್ದೋ ಗೊತ್ತಿಲ್ಲ. ಇದನ್ನು ಓದುವವರೇ, ನಿಮ್ಮೂರಿನಲ್ಲೂ ಅಂಥ ಪೈಪು ಇದ್ದರೆ ಕೆಳಗಿನಿಂದಲೇ ನೋಡಿ, ಹತ್ತಿರ ಹೋಗಬೇಡಿ. ಊರು, ತಾರೀಖು, ಹಾಕಿದವರು ಯಾರು, ಇಷ್ಟನ್ನು ನನಗೆ ಬರೆದು ಕಳಿಸಿ. ಹೊಸ ಹಾಳೆಗೆ ಗೆರೆ ಎಳೆದು ಇಟ್ಟಿದ್ದೇನೆ. ಮೇಲೆ ‘ಕೂತವು’ ಎಂದು ಬರೆದಿದ್ದೇನೆ.