ಮೂರನೇ ಸಲದ ಹಲ್ಲು

ನಮ್ಮ ಬೀದಿಯಲ್ಲಿ ಹಲ್ಲಿನ ಸೆಟ್ಟು ಮಾಡಿಕೊಡುವ ಯಜಮಾನರು ಯಾರ ಮುಖವನ್ನೂ ನೋಡುವುದಿಲ್ಲ, ಬಾಯಿಯನ್ನಷ್ಟೇ ನೋಡುತ್ತಾರೆ. ಅವರ ಪ್ರಕಾರ ಅಂಚೆಯಣ್ಣನದು ಮೊಲದ ಬಾಚಿಹಲ್ಲು, ನಮ್ಮ ಮನೆ ಮಾಲೀಕರದು ನಾಯಿಯ ಕೋರೆ, ಸಂಗೀತದ ಮೇಷ್ಟ್ರದು ಹಸುವಿನ ಬಾಯಿ, ಮೇಲ್ಗಡೆ ಮುಂದಿನ ಹಲ್ಲೇ ಇಲ್ಲ. ನನಗೂ ಒಮ್ಮೆ, "ನಿಮ್ಮದು ಕುದುರೆ ಹಲ್ಲು, ವಯಸ್ಸು ಮುಚ್ಚಿಡೋಕಾಗಲ್ಲ" ಎಂದಿದ್ದರು. ಗಿರಾಕಿ ಬಾಯಿ ತೆರೆದು ಎದುರು ಮಾತಾಡಲಾಗದ ಹೊತ್ತು ನೋಡಿಯೇ ಅವರ ಪಾಠ ಶುರುವಾಗುತ್ತದೆ: "ಇಲಿಗೆ ಹಲ್ಲು ಬೆಳೀತಾನೇ ಇರುತ್ತೆ. ಮೊಸಳೆಗೆ ಬಿದ್ದ ಹಾಗೆಲ್ಲ ಹೊಸದು ಬರುತ್ತೆ. ಆನೆಗೆ ದವಡೆ ಹಲ್ಲು ಆರು ಸಲ. ಮನುಷ್ಯನಿಗೆ ಎರಡೇ ಸಲ. ಮೂರನೇ ಸಲಕ್ಕೆ ನಾನಿದ್ದೀನಲ್ಲ." ಹೀಗೆಂದು ಮೂವತ್ತೆರಡನ್ನೂ ತೋರಿಸಿ ನಗುತ್ತಾರೆ, ಅಂಗಡಿಗೆ ಬೇರೆ ಬೋರ್ಡೇ ಬೇಕಿಲ್ಲ. ಅವರ ಹೆಂಡತಿಯದು ಮಾತ್ರ ಬೊಚ್ಚುಬಾಯಿ. ನಾಲ್ಕು ಸಲ ಅಳತೆ ತೆಗೆದು ಮಾಡಿಕೊಟ್ಟರೂ ಆಕೆ, "ಒತ್ತುತ್ತೆ ಕಣ್ರೀ" ಎಂದು ನಾಲ್ಕನ್ನೂ ಡಬ್ಬಿಗೆ ಹಾಕಿದ್ದಾರೆ. ನಮ್ಮ ಮಹಡಿಯಿಂದ ಅವರ ಅಡುಗೆಮನೆ ಕಾಣುತ್ತದೆ. ಮಧ್ಯಾಹ್ನ ಊಟಕ್ಕೆ ಕೂರುವ ಮುಂಚೆ ಯಜಮಾನರು ತಮ್ಮ ಮೂವತ್ತೆರಡನ್ನೂ ಕಳಚಿ ನೀರಿನ ಲೋಟಕ್ಕೆ ಹಾಕಿ, ಆಕೆಯ ತಟ್ಟೆ ಖಾಲಿಯಾಗುವವರೆಗೂ ಬರೀ ವಸಡಿನಲ್ಲಿ ಅಗಿಯುತ್ತಾ ಕೂತಿರುತ್ತಾರೆ.